ದೊಡ್ಡವ್ವನ ದನಿಗೆ ಬಣ್ಣ ಬಳಿದವರು

ನಮ್ಮ ಕಡೆ ಈಗ ಸ್ಟುಡಿಯೊ ಇಲ್ಲದ ಊರೇ ಇಲ್ಲ. ಒಂದು ಕೋಣೆ, ಗೋಡೆಗೆ ಅಂಟಿಸಿದ ಕರಿ ಸ್ಪಂಜು, ನೀಲಿ ಗುಲಾಬಿ ದೀಪ, ಹೊರಗೆ ‘ಡಿಜಿಟಲ್’ ಎಂದು ಬರೆಸಿದ ಬೋರ್ಡು. ಇಷ್ಟಾದರೆ ಆಯಿತು, ಮಾಲೀಕ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ತಲೆದೂಗಲು ಶುರು ಮಾಡುತ್ತಾನೆ. ಆ ಹೆಡ್‌ಫೋನಿನಲ್ಲಿ ಬರುತ್ತಿರುವುದು ಏನು, ಎಲ್ಲಿಂದ ಬರುತ್ತಿದೆ ಎಂದು ಕೇಳಿ ನೋಡಿ. ಕಣ್ಣು ತೆರೆಯುತ್ತಾನೆ, ಬಾಯಿ ಮುಚ್ಚುತ್ತಾನೆ.

ರಾಯಚೂರಿನಲ್ಲಿ ನನ್ನದೂ ಒಂದು ಕೋಣೆಯಿದೆ. ಮೋಟಾರ್ ರಿವೈಂಡಿಂಗ್ ಅಂಗಡಿಯ ಮಾಳಿಗೆ ಮೇಲೆ. ದೀಪ ಬಿಳಿಯದು. ಗೋಡೆಗೆ ಸ್ಪಂಜಿಲ್ಲ, ನನ್ನ ಅವ್ವ ಹೊಲಿದ ಹಳೆಯ ಕೌದಿಗಳನ್ನು ನೇತು ಹಾಕಿದ್ದೇನೆ. ಸದ್ದು ಹೀರುವುದರಲ್ಲಿ ಹತ್ತು ಪದರದ ಕೌದಿಗೆ ಸಮನಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಹಾಡುವವರು ಬಂದಾಗ ಕಿಟಕಿಯಿಂದ ಬಗ್ಗಿ ‘ಭಾಯಿ, ಸ್ವಲ್ಪ ಹೊತ್ತು’ ಎಂದರೆ ಕೆಳಗಿನ ಅಂಗಡಿಯವರು ಯಂತ್ರ ನಿಲ್ಲಿಸಿ ಚಾ ಕುಡಿಯಲು ಹೋಗುತ್ತಾರೆ. ಬರುವ ಗಿರಾಕಿಗಳು ಮೊದಲು ಕೌದಿ ನೋಡಿ ಮೂಗು ಮುರಿಯುತ್ತಾರೆ, ಆಮೇಲೆ ನನ್ನನ್ನು ನೋಡಿ ‘ಗಂಡಸರು ಯಾರೂ ಇಲ್ಲೇನ್ರಿ?’ ಎನ್ನುತ್ತಾರೆ. ‘ಕೆಳಗ ಮೋಟಾರ್ ಸುತ್ತಾಕತ್ತಾರ, ಹೋಗಿ ಅವರ ಮುಂದ ಹಾಡ್ರಿ’ ಎನ್ನುತ್ತೇನೆ. ಅರ್ಧ ಜನ ಹೋಗಿಯೇ ಬಿಡುತ್ತಾರೆ. ಉಳಿದವರು ಚುನಾವಣೆಯ ಹಾಡು, ಆಟೊದಲ್ಲಿ ಕೂಗಿಸುವ ಸೀರೆ ಅಂಗಡಿಯ ಜಾಹೀರಾತು, ಮಠದ ಭಜನೆ ಹೇಳಿ ಹೋಗುತ್ತಾರೆ.

ಈ ಕೆಲಸದಲ್ಲಿ ಕಲಿಯಬೇಕಾದದ್ದು ಬಹಳವೇನಿಲ್ಲ. ಹಾಡುವವರ ಕಿವಿಗೆ ಹೋಗುವ ದಾರಿ ಒಂದು, ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ದಾರಿ ಇನ್ನೊಂದು. ಒಂದೇ ಮೈಕಿನಿಂದ ಹೊರಟರೂ ಎರಡೂ ಬೇರೆ ಬೇರೆ ಕಡೆ ಹೋಗುತ್ತವೆ. ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂದು ಗೊತ್ತಿರಬೇಕು ಅಷ್ಟೆ. ಮಾನ್ವಿಯ ಯಾವ ಭತ್ತದ ರೈತನನ್ನಾದರೂ ಕೇಳಿ, ಯಾವ ತೂಬು ಎತ್ತಿದರೆ ಯಾರ ಗದ್ದೆಗೆ ನೀರು ಎಂದು ನಿದ್ದೆಯಲ್ಲೂ ಹೇಳುತ್ತಾನೆ. ಅದೇ ಮಾನ್ವಿಯ ಸ್ಟುಡಿಯೊದವನಿಗೆ ಅಷ್ಟು ತಿಳಿದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ನನ್ನ ಅವ್ವನ ಅಕ್ಕ, ನನ್ನ ದೊಡ್ಡವ್ವ, ದೇವದುರ್ಗದಲ್ಲಿದ್ದಾಳೆ. ಆ ಊರಲ್ಲಿ ಅವಳಿಲ್ಲದೆ ಮದುವೆಗಳಾಗುತ್ತಿರಲಿಲ್ಲ ಎಂದರೆ ಹೆಚ್ಚು ಹೇಳಿದಂತಲ್ಲ. ಅರಿಶಿಣ ಹಚ್ಚುವಾಗ, ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಸುರಗಿಯ ನೀರು ಹಾಕುವಾಗ ಮುಂದೆ ಕುಳಿತು ಪದ ಹೇಳುವವಳು ಅವಳು. ಮುಂದಿನವಳು ಒಂದು ಸಾಲು ಹೇಳುತ್ತಾಳೆ, ಹಿಂದೆ ಕುಳಿತ ಹೆಂಗಸರು ಅದೇ ಸಾಲನ್ನು ತಿರುಗಿ ಹೇಳುತ್ತಾರೆ, ಆಮೇಲೆ ಮುಂದಿನ ಸಾಲು. ದೊಡ್ಡವ್ವನದು ತಗ್ಗಿನ, ಒಡಕು ದನಿ. ಇಂಪು ಎಂದು ಯಾರೂ ಅಂದದ್ದಿಲ್ಲ. ಆದರೆ ಅವಳು ಸಾಲು ಎತ್ತಿದರೆ ಅಂಗಳದ ಆಚೆ ಪಾತ್ರೆ ತೊಳೆಯುವವಳೂ ಕೈ ನಿಲ್ಲಿಸಿ ತಿರುಗಿ ಹೇಳುತ್ತಿದ್ದಳು.

ಅವಳ ಗಂಟಲಲ್ಲಿ ಗಡ್ಡೆ ಎದ್ದಿತು. ಡಾಕ್ಟರು ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಮೊಮ್ಮಗಳ ಮದುವೆ ಗೊತ್ತಾಗಿತ್ತು. ದೊಡ್ಡವ್ವ ಅತ್ತು ಕರೆದು ಮಾಡಲಿಲ್ಲ. ‘ಸುರಗಿ ಮುಂದ ನನ್ನ ದನಿ ಇರಬೇಕು, ಹೆಂಗರೆ ಮಾಡ್ರಿ’ ಎಂದಳು. ಅಷ್ಟೇ ಅವಳು ಕೇಳಿದ್ದು.

ನಾನು ಅವಳ ಮಗನಿಗೆ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದೆ. ದವಾಖಾನೆಗೆ ರಾಯಚೂರಿಗೇ ಬರುತ್ತೀರಿ, ಸೇರಿಸುವ ಮುಂಚೆ ನನ್ನ ಕೋಣೆಗೆ ಕರೆದುಕೊಂಡು ಬಾ, ಜೊತೆಗೆ ಹಿಂದೆ ಹೇಳುವ ಹೆಂಗಸರನ್ನೂ ಕರೆತಾ. ಅವನು ವರಸೆಯಲ್ಲಿ ನನಗೆ ತಮ್ಮ. ದೇವದುರ್ಗದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಕೈಗೆ ಕಡಗ, ಫೋನಿನ ತುಂಬ ತನ್ನದೇ ಫೋಟೊ. ‘ಹೂಂ ಅಕ್ಕಾ’ ಎಂದ. ಹೂಂ ಎಂದವನು ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಮಾನ್ವಿಗೆ ಹೋಗಿ, ಅಲ್ಲಿನ ದೀಪದ ಸ್ಟುಡಿಯೊದಲ್ಲಿ ಹಾಡಿಸಿ ಬಂದ. ನನಗೆ ಹೇಳಿದ್ದು ಆಪರೇಷನ್ ಮುಗಿದ ಮೇಲೆ.

ಮದುವೆಯ ಬಟ್ಟೆ ಕೊಳ್ಳಲು ರಾಯಚೂರಿಗೆ ಬಂದಾಗ ಹೆಂಡತಿಯ ಜೊತೆ ನನ್ನ ಕೋಣೆ ಹತ್ತಿದ.

‘ಯಾಕಲೇ, ಇಲ್ಲಿಗೆ ಯಾಕ ತರಲಿಲ್ಲ?’ ಎಂದೆ.

‘ಅಕ್ಕಾ, ಸಿಟ್ಟಾಗಬ್ಯಾಡ. ನಿನ್ನ ಕ್ವಾಣ್ಯಾಗ ಕೌದಿ ನೇತು ಹಾಕಿ. ವಿಡಿಯೊದಾಗ ಹೆಂಗ ಕಾಣ್ತದ? ಅಲ್ಲಿ ಲೈಟಿಂಗ್ ಮಸ್ತ್ ಅದ.’

ಗಂಟಲು ಕಳೆದುಕೊಳ್ಳುವವಳಿಗೆ ಇವನು ಲೈಟಿಂಗ್ ನೋಡಿದ. ಹಿಂದೆ ಹೇಳುವ ಹೆಂಗಸರು ಎಲ್ಲಿ ಎಂದರೆ, ಸ್ಟುಡಿಯೊದಲ್ಲಿ ಜಾಗವಿಲ್ಲ, ಆರ್ಕೆಸ್ಟ್ರಾ ಹಾಕುತ್ತಾರೆ, ಅವರು ಬೇಕಿಲ್ಲ ಎಂದನಂತೆ ಮಾಲೀಕ. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಒಬ್ಬ ಮನುಷ್ಯ, ಒಂದು ಕೀಬೋರ್ಡು, ಶಹನಾಯಿ ಎಂದು ಬರೆದ ಒಂದು ಬಟನ್.

ಫೋನು ಒತ್ತಿದ. ಶಹನಾಯಿ ಕೂಗಿತು. ಅದರ ಮೇಲೆ ಒಂದು ದನಿ. ಐದನೇ ಇಯತ್ತೆಯ ಹುಡುಗಿ ಡಬ್ಬಿಯೊಳಗೆ ಕುಳಿತು ಹಾಡಿದಂತಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರದೆ ಮೆಟ್ಟಿಲು ಹತ್ತಿದಂತೆ ಟಕ್ ಟಕ್ ಎಂದು ನೆಗೆಯುತ್ತಿತ್ತು. ಸಾಲು ಮುಗಿದಲ್ಲೆಲ್ಲ ಶಹನಾಯಿ ನುಗ್ಗಿ ಬರುತ್ತಿತ್ತು. ಪದ ನಮ್ಮ ಸುರಗಿಯ ಪದವೇ. ದೊಡ್ಡವ್ವ ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ.

‘ಯಾರಲೇ ಇದು ಹಾಡಿದ್ದು?’

‘ಅವ್ವ! ಗೊತ್ತೇ ಆಗಂಗಿಲ್ಲ ನೋಡು, ಅಷ್ಟು ಸ್ವೀಟ್ ಮಾಡ್ಯಾರ.’ ಎದೆಯುಬ್ಬಿಸಿಕೊಂಡು ಹೇಳಿದ. ‘ಅವ್ವಗ ಕೇಳಿಸೀನಿ. ಖುಷಿಗಿ ಗ್ವಾಡಿ ಕಡಿ ಮಾರಿ ಮಾಡಿ ಮಲಗಿಬಿಟ್ಟಾಳ. ಎರಡು ದಿನ ಆತು, ಯಾರ ಕೂಡನೂ ಸನ್ನಿ ಮಾಡಂಗಿಲ್ಲ.’

ಇವನು ಅದನ್ನು ಖುಷಿ ಎಂದುಕೊಂಡಿದ್ದ. ನನಗೆ ಅವನ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು, ಹೊಡೆಯಲಿಲ್ಲ, ಅವನ ಹೆಂಡತಿ ಎದುರಿಗಿದ್ದಳು. ಅವಳೇ ಮೆಲ್ಲಗೆ ಬಾಯಿಬಿಟ್ಟಳು. ‘ಅಕ್ಕಾರ, ಹಾಡೋ ಮುಂದೂ ಅತ್ತಿಯವರು ಬ್ಯಾಸರ ಮಾಡ್ಕೊಂಡ್ರು. ಕಿವ್ಯಾಗಿಂದು ಕಿತ್ತಿ ಒಗದ್ರು. ನನ್ನ ದನೀನ ನನಗ ಹಿಂದಿಂದ ಅಣಕಸಾಕತ್ತದ ಅಂದ್ರು.’ ನನಗೆ ಅಲ್ಲಿಯೇ ಅರ್ಧ ಅರ್ಥವಾಯಿತು. ಮೈಕಿನ ದನಿ ಕಂಪ್ಯೂಟರಿನೊಳಗೆಲ್ಲ ಸುತ್ತಾಡಿ ತಡವಾಗಿ ಅವಳ ಕಿವಿಗೆ ಬರುತ್ತಿತ್ತು. ತಾನು ಹೇಳಿದ್ದು ತನಗೇ ತಡವಾಗಿ ಕೇಳಿದರೆ ಎಂಥ ಹಾಡುಗಾರನೂ ಎಡವುತ್ತಾನೆ. ನೇರವಾಗಿ ಕಿವಿಗೆ ಬಿಡಲು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯ ಮೇಲೆ ಒಂದು ಗುಂಡಿ ಇರುತ್ತದೆ. ಅದನ್ನು ತಿರುಗಿಸಬೇಕು, ಕಂಪ್ಯೂಟರಿನಲ್ಲಿರುವುದನ್ನು ಮುಚ್ಚಬೇಕು. ಅದಕ್ಕೆ ಲೈಟಿಂಗ್ ಬೇಕಾಗುವುದಿಲ್ಲ.

ಮರುದಿನ ಮಾನ್ವಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಹೆದರಿಕೆ. ಈಗಿನವರು ದನಿ ತಿದ್ದುವ ಯಂತ್ರವನ್ನು ಎರಡು ಜಾಗದಲ್ಲಿ ಹಾಕುತ್ತಾರೆ. ದನಿ ಬರೆದುಕೊಂಡ ಮೇಲೆ ಹಾಕಿದರೆ, ಕೇಳುವಾಗ ಮಾತ್ರ ಬಣ್ಣ, ಒಳಗೆ ಮೂಲ ದನಿ ಹಾಗೇ ಇರುತ್ತದೆ. ಬರೆದುಕೊಳ್ಳುವುದಕ್ಕಿಂತ ಮುಂಚೆಯೇ ಹಾಕಿದ್ದರೆ ಬಣ್ಣದ ದನಿಯೇ ಬರೆಯಲ್ಪಟ್ಟಿರುತ್ತದೆ, ಮೂಲ ಎಂಬುದು ಇರುವುದೇ ಇಲ್ಲ. ಮತ್ತೆ ಹಾಡಿಸೋಣ ಎನ್ನಲು ದೊಡ್ಡವ್ವನಿಗೆ ಈಗ ಗಂಟಲಿಲ್ಲ.

ಸ್ಟುಡಿಯೊ ಮಾಲೀಕ ಒಳ್ಳೆಯ ಮನುಷ್ಯ, ಅದು ಬೇರೆ ಮಾತು. ಬರ್ರಿ ಕುಂದರ್ರಿ ಎಂದು ಕುರ್ಚಿ ಕೊಟ್ಟ, ಚಾ ತರಿಸಿದ, ದೀಪಗಳನ್ನೆಲ್ಲ ಒಂದೊಂದಾಗಿ ಹಚ್ಚಿ ತೋರಿಸಿದ. ಮೂಲೆಯಲ್ಲಿ ಆರ್ಕೆಸ್ಟ್ರಾ ಕುಳಿತಿತ್ತು, ಅಂದರೆ ಕೀಬೋರ್ಡ್ ಮಾಸ್ತರರು. ಶಾಲು ಹೊದ್ದಿದ್ದರು, ಸನ್ಮಾನದ್ದಿರಬೇಕು.

‘ದೊಡ್ಡವ್ವನ ಮೂಲ ದನಿ ಬೇಕಾಗಿತ್ತು’ ಎಂದೆ.

‘ಮೂಲ ಎಲ್ಲಿರ್ತದ ಮೇಡಮ್ಮಾರ? ನಾವು ಎಫೆಕ್ಟ್ ಹಾಕಿನೇ ರೆಕಾರ್ಡ್ ಮಾಡೋದು. ಹಸಿ ದನಿ ನಮ್ಮಲ್ಲಿ ಇಡಂಗೇ ಇಲ್ಲ’ ಎಂದ, ಹಸಿ ಕಸ ಇಡುವುದಿಲ್ಲ ಎನ್ನುವಂತೆ.

ಆದರೂ ಕಂಪ್ಯೂಟರ್ ತೆರೆಯಿರಿ, ಹಾಡು ಕೂಡಿಸುವುದನ್ನು ಕಲಿಯುತ್ತೇನೆ ಎಂದು ಸುಳ್ಳು ಹೇಳಿದೆ. ಕಲಿಯುತ್ತೇನೆ ಎಂದ ಹೆಂಗಸಿಗೆ ಇಲ್ಲ ಎನ್ನುವ ಗಂಡಸು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ತೆರೆದು, ಅವನೇ ಪಾಠ ಶುರು ಮಾಡಿದ. ‘ನಿಮ್ಮ ದೊಡ್ಡವ್ವಾರದು ಭಾಳ ತ್ರಾಸ ಆತ್ರಿ. ಶ್ರುತಿ ಇಲ್ಲ. ಮಾಸ್ತರು ಒಂದು ಕಡಿ, ಅವರು ಒಂದು ಕಡಿ. ಮತ್ತ ಸಾಲು ಸಾಲಿಗೂ ಮರ್ತು ನಿಂತುಬಿಡ್ತಿದ್ರು. ಎಲ್ಲಾ ಶಹನಾಯಿ ಹಾಕಿ ಮುಚ್ಚೀನಿ.’

‘ಮರೆತಿಲ್ಲ. ಹಿಂದಿನವರು ಹೇಳಲಿ ಅಂತ ನಿಲ್ಲುತ್ತಾಳೆ’ ಎಂದೆ.

‘ಹಿಂದ ಯಾರಿದ್ರು?’

‘ಯಾರೂ ಇರಲಿಲ್ಲ. ನೀವು ಬ್ಯಾಡ ಅಂದಿದ್ರಿ.’

ಅದಕ್ಕೆ ಅವನು ಚಾ ಆರುತ್ತದೆ ಕುಡಿಯಿರಿ ಎಂದ.

ಶ್ರುತಿಯ ವಿಷಯ ನನಗೆ ತಲೆಯಲ್ಲಿ ಕೊರೆಯುತ್ತಿತ್ತು. ಹೆಡ್‌ಫೋನ್ ಕಿತ್ತೊಗೆದ ಮೇಲೆ ದೊಡ್ಡವ್ವ ಎದುರಿನ ಕೀಬೋರ್ಡ್ ಕೇಳುತ್ತ ಹಾಡಿದವಳು, ಆ ಸ್ವರ ಬಿಟ್ಟು ಬೇರೆಲ್ಲೋ ಹೋಗುವವಳಲ್ಲ. ಮಾಸ್ತರರಿಗೆ ಒಂದು ಸಾಲು ನುಡಿಸಿ ಎಂದೆ. ಅವರು ಬೆರಳು ಇಟ್ಟದ್ದು ಬಿಳಿ ಒಂದರ ಮೇಲೆ, ಅಂದರೆ ಮೊದಲ ಬಿಳಿ ಮನೆಯ ಮೇಲೆ. ನಮ್ಮ ಕಡೆಯ ಕೀಬೋರ್ಡ್ ಮಾಸ್ತರರ ಗುಟ್ಟು ಇದು. ಅವರಿಗೆ ಬರುವುದು ಬಿಳಿ ಒಂದರಿಂದ ಮಾತ್ರ. ಹಾಡುವವರ ಶ್ರುತಿ ಮೇಲಿದ್ದರೆ ಒಂದು ಬಟನ್ ಒತ್ತಿ ಇಡೀ ಕೀಬೋರ್ಡನ್ನು ಮೇಲಕ್ಕೆ ಸರಿಸುತ್ತಾರೆ, ಕೆಳಗಿದ್ದರೆ ಕೆಳಕ್ಕೆ ಸರಿಸುತ್ತಾರೆ. ಬೆರಳು ಮಾತ್ರ ಅಲ್ಲೇ. ಮದುವೆ ಮಂಟಪದಲ್ಲಿ ಅದು ನಡೆಯುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಆದರೆ ಇಲ್ಲಿ ಕೀಬೋರ್ಡಿನಿಂದ ಕಂಪ್ಯೂಟರಿಗೆ ಹೋಗುತ್ತಿದ್ದುದು ಸದ್ದಲ್ಲ. ಮಿಡಿ ತಂತಿಯಲ್ಲಿ ಹರಿಯುವುದು ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು ಎಂಬ ಸುದ್ದಿ ಮಾತ್ರ. ಆ ಸುದ್ದಿ ಕೇಳಿಕೊಂಡು ಕಂಪ್ಯೂಟರ್ ತನ್ನದೇ ಶಹನಾಯಿ ಊದುತ್ತದೆ. ಮಾಸ್ತರರು ಬಟನ್ ಒತ್ತಿ ಕೆಳಕ್ಕೆ ಸರಿಸಿದ್ದು ಅವರ ಕೀಬೋರ್ಡಿನ ಸ್ಪೀಕರಿಗೆ ಗೊತ್ತಿತ್ತು, ಆ ಮಾದರಿಯ ಕೀಬೋರ್ಡು ಅದನ್ನು ತಂತಿಗೆ ಹೇಳುತ್ತಿರಲಿಲ್ಲ. ದೊಡ್ಡವ್ವನ ಕಿವಿಗೆ ಬಿದ್ದದ್ದು ಸ್ಪೀಕರಿನ ತಗ್ಗಿನ ಶ್ರುತಿ, ಒಳಗೆ ಬರೆಯಲ್ಪಟ್ಟದ್ದು ಬಿಳಿ ಒಂದು. ಅವಳು ಕೇಳಿದ್ದಕ್ಕೆ ಸರಿಯಾಗಿಯೇ ಹಾಡಿದ್ದಳು.

‘ಬಟನ್ ಒತ್ತಿ ನುಡಿಸಿ, ಕಂಪ್ಯೂಟರಿನ ಶಹನಾಯಿಯನ್ನೂ ತೆರೆದಿಡಿ’ ಎಂದೆ. ಎರಡೂ ಒಟ್ಟಿಗೆ ಕೂಗಿದವು. ಬೆಕ್ಕಿನ ಬಾಲ ತುಳಿದಂತಾಯಿತು. ಮಾಸ್ತರರು ಕೈ ಎತ್ತಿಬಿಟ್ಟರು.

‘ಕಂಪ್ಯೂಟರ್ ಕೆಟ್ಟದ’ ಎಂದ ಮಾಲೀಕ.

‘ಮತ್ತ ಅವತ್ತು ಏನು ಮಾಡಿದ್ರಿ?’

‘ಏನು ಮಾಡೋದ್ರಿ, ಮಾಸ್ತರು ತಪ್ಪು ನುಡಸಂಗಿಲ್ಲ. ಅವ್ವಾರ ದನೀನೇ ಎತ್ತಿ ಶಹನಾಯಿಗಿ ಕೂಡಿಸಿದೆ.’

ಇದು ನಾನು ಜೀವನದಲ್ಲಿ ಕೇಳಿದ ಅತ್ಯಂತ ದೊಡ್ಡ ಮೂರ್ಖತನ. ಶಹನಾಯಿಯನ್ನು ಕೆಳಗಿಳಿಸಲು ಒಮ್ಮೆ ಮೌಸ್ ಒತ್ತಿದರೆ ಸಾಕಿತ್ತು, ಅದು ಬರೀ ಸುದ್ದಿ, ಎಲ್ಲಿಗೆ ಬೇಕಾದರೂ ಸರಿಯುತ್ತದೆ, ಅದಕ್ಕೆ ನೋವಿಲ್ಲ. ಇವನು ಹೋಗಿ ಮನುಷ್ಯರ ಗಂಟಲನ್ನು ಹಿಡಿದು ಮೇಲಕ್ಕೆಳೆದಿದ್ದ. ಯಾಕೆಂದರೆ ಮಾಸ್ತರರಿಗೆ ಶಾಲು ಇದೆ, ಯಂತ್ರಕ್ಕೆ ದೀಪ ಇದೆ, ದೇವದುರ್ಗದ ಮುದುಕಿಗೆ ಏನಿದೆ? ತಪ್ಪು ಅವಳದೇ ಇರಬೇಕು. ನಮ್ಮ ಜಿಲ್ಲೆಯಲ್ಲಿ ಎಲ್ಲ ಲೆಕ್ಕವೂ ಹೀಗೆಯೇ ಬಗೆಹರಿಯುತ್ತದೆ.

ನಾನು ಅವನ ಕೈಯಿಂದ ಮೌಸ್ ತೆಗೆದುಕೊಂಡೆ. ಕೇಳಿ ತೆಗೆದುಕೊಳ್ಳಲಿಲ್ಲ. ದೊಡ್ಡವ್ವನ ಸಾಲಿನ ಮೇಲೆ ದನಿ ತಿದ್ದುವ ಯಂತ್ರ, ಅದರ ಮೇಲೆ ಪ್ರತಿಧ್ವನಿ, ಅದರ ಮೇಲೆ ಇನ್ನೊಂದು ಪ್ರತಿಧ್ವನಿ ಹೇರಿದ್ದ. ಆದರೆ ಎಲ್ಲವನ್ನೂ ಹೇರಿದ್ದು ಬರೆದುಕೊಂಡಾದ ಮೇಲಿನ ದಾರಿಯಲ್ಲಿ. ತಾನು ಬಣ್ಣದ ದನಿಯನ್ನೇ ಬರೆದುಕೊಂಡಿದ್ದೇನೆ ಎಂದು ಅವನು ಇಷ್ಟು ವರ್ಷ ನಂಬಿದ್ದ, ಯಾವತ್ತೂ ಹಾಗೆ ಆಗಿರಲೇ ಇಲ್ಲ. ಅವನಿಗೆ ಇನ್ನೊಂದಿಷ್ಟು ವಿದ್ಯೆ ಬಂದಿದ್ದರೆ ನನ್ನ ದೊಡ್ಡವ್ವ ಹೋಗಿಯೇ ಬಿಡುತ್ತಿದ್ದಳು.

ಒಂದೊಂದೇ ಆರಿಸಿದೆ. ಶಹನಾಯಿಯ ಬಾಯಿ ಮುಚ್ಚಿದೆ. ಒತ್ತಿದೆ.

ಮೊದಲು ಕೆಮ್ಮು. ಸ್ಟೀಲ್ ಲೋಟ ನೆಲಕ್ಕಿಟ್ಟ ಸದ್ದು. ‘ಯಪ್ಪಾ, ಹೇಳ್ಲೇನು?’ ಎಂದು ಮಾಲೀಕನನ್ನು ಕೇಳುವ ದನಿ. ಆಮೇಲೆ ಪದ ಎತ್ತಿದಳು. ಕಾಯಿಲೆಯಿಂದ ಇನ್ನೂ ಒಡೆದ, ಇನ್ನೂ ತಗ್ಗಿದ, ಒಂದು ಕೂದಲೆಳೆಯೂ ಶ್ರುತಿ ತಪ್ಪದ ದನಿ. ನಾನು ಅಲ್ಲೇ ಅತ್ತುಬಿಟ್ಟೆ, ಆ ನೀಲಿ ಗುಲಾಬಿ ದೀಪದ ಕೆಳಗೆ, ಇಬ್ಬರು ಪರಗಂಡಸರ ಎದುರಿಗೆ. ಮಾಲೀಕ ಗಾಬರಿಯಾಗಿ, ‘ಅಳಬ್ಯಾಡ್ರಿ ಮೇಡಮ್ಮಾರ, ಎಫೆಕ್ಟ್ ಮತ್ತ ಹಾಕ್ತೀನಿ’ ಎಂದ.

ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಟೆ. ಎರಡು ದಿನ ಬಿಟ್ಟು ಸ್ಪೀಕರ್, ಲ್ಯಾಪ್‌ಟಾಪ್ ಹೊತ್ತುಕೊಂಡು ದೇವದುರ್ಗಕ್ಕೆ ಹೋದೆ. ಮನೆಯ ತುಂಬ ಹೆಂಗಸರಿದ್ದರು, ಮದುವೆಯ ಶ್ಯಾವಿಗೆ ಹೊಸೆಯಲು ಬಂದವರು. ದೊಡ್ಡವ್ವ ಪಡಸಾಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕೊರಳಿನ ಮುಂದೆ ತೆಳ್ಳನೆಯ ಬಿಳಿ ಬಟ್ಟೆ, ಉಸಿರಾಡಿದಾಗಲೆಲ್ಲ ಅದು ಅಲ್ಲಾಡುತ್ತಿತ್ತು. ನಾನು ಮಾತಾಡಿಸಿದರೂ ತಿರುಗಲಿಲ್ಲ.

ಸ್ಪೀಕರ್ ಇಟ್ಟು ಒತ್ತಿದೆ. ಕೆಮ್ಮು ಬಂದ ಕೂಡಲೇ ತಮ್ಮ ಮುಖ ಸಿಂಡರಿಸಿದ. ‘ಅಕ್ಕಾ, ಕೆಮ್ಮು ಕಟ್ ಮಾಡಬೇಕಿತ್ತು. ಬೀಗರು ಏನಂದಾರು?’

ಮೊದಲ ಸಾಲು ಬಂತು. ದೊಡ್ಡವ್ವ ಹೊರಳಿದಳು. ಮೊಣಕೈ ಊರಿ ಎದ್ದು ಕುಳಿತಳು.

ಸಾಲು ಮುಗಿದು ಸ್ಪೀಕರ್ ಸುಮ್ಮನಾಯಿತು. ಹೆಂಗಸರು ಶ್ಯಾವಿಗೆ ಮಣೆ ಬಿಟ್ಟು, ಬಾಯಿಗೆ ಸೆರಗು ಹಚ್ಚಿ ಅಳಲು ಶುರು ಮಾಡಿದ್ದರು. ಎರಡನೇ ಸಾಲು ಬಂತು, ಮತ್ತೆ ಸುಮ್ಮನಾಯಿತು, ಮತ್ತೆ ಅಳು. ಒಬ್ಬಳಂತೂ ‘ಎಂಥಾ ದನಿ ಇತ್ತವ್ವಾ ನಿಂದು’ ಎಂದು ಹೆಣದ ಮುಂದೆ ಅತ್ತಂತೆ ಅಂದಳು. ದೊಡ್ಡವ್ವ ಅವಳನ್ನು ನೋಡಿದ ನೋಟ ಇದೆಯಲ್ಲ, ನಾನು ಇಷ್ಟು ಹೊತ್ತು ಯಾರ ಮೇಲೆ ಏನೇನು ಹರಿಹಾಯ್ದೆನೋ ಅದೆಲ್ಲ ಅದರ ಮುಂದೆ ಏನೂ ಅಲ್ಲ. ಅಂಗೈಯಿಂದ ನೆಲಕ್ಕೆ ಪಟ್ಟೆಂದು ಬಡಿದಳು. ಎಲ್ಲರೂ ಬೆಚ್ಚಿದರು. ಬೆರಳನ್ನು ಸ್ಪೀಕರಿನ ಕಡೆ ತೋರಿಸಿ, ಆಮೇಲೆ ಅವರ ಬಾಯಿಗಳ ಕಡೆ ತೋರಿಸಿದಳು. ‘ನಾನು ಸಾಲು ಹೇಳಿದೆನಲ್ಲ, ನೀವೇನು ಮಾಡುತ್ತಿದ್ದೀರಿ’ ಎಂಬುದು ಅವಳ ಕೈಯಲ್ಲೇ ಸ್ಪಷ್ಟವಿತ್ತು.

ನಾನು ಮತ್ತೆ ಮೊದಲಿಂದ ಹಚ್ಚಿದೆ. ಈ ಸಲ ಸಾಲು ಮುಗಿದಲ್ಲಿ ಹೆಂಗಸರು ತಿರುಗಿ ಹೇಳಿದರು. ಚದುರಿ, ಮೂಗು ಸೋರಿಸಿಕೊಂಡು, ಒಬ್ಬೊಬ್ಬರು ಒಂದೊಂದು ಕಡೆ. ದೊಡ್ಡವ್ವ ಮತ್ತೆ ನೆಲ ಬಡಿದು ನನಗೆ ಕೈ ತಿರುಗಿಸಿದಳು, ಮೊದಲಿಂದ. ಮತ್ತೆ ಹಚ್ಚಿದೆ. ಹಿಟ್ಟು ಒಣಗುತ್ತದೆ ಎಂದು ಯಾರೋ ಅಂದರು, ಅವರ ಕಡೆ ನೋಡಲೂ ಇಲ್ಲ. ಪದ ಪೂರ್ತಿಯಾಗಿ, ಹಿಂದಿನವರ ದನಿ ಒಂದೇ ಹಗ್ಗದಂತೆ ಕೂಡುವವರೆಗೆ ಬಿಡಲಿಲ್ಲ.

ಆಮೇಲೆ ನನ್ನ ಕಡೆ ಅಂಗೈ ಅಡ್ಡ ಮಾಡಿದಳು. ನಿಲ್ಲಿಸು ಎಂದು. ನಿಲ್ಲಿಸಿದೆ. ಸೊಸೆಯ ರಟ್ಟೆ ಹಿಡಿದು ಮುಂದಕ್ಕೆ ಎಳೆದು, ತಾನು ಸದಾ ಕೂರುತ್ತಿದ್ದ ಜಾಗದಲ್ಲಿ ಕೂರಿಸಿದಳು.

‘ನಂಗ ಬರಂಗಿಲ್ರೀ ಅತ್ತಿ, ಟೇಪಿನ್ಯಾಗ ನಿಮ್ಮದು ಅದನಲ್ಲ, ಅದನ್ನ ಹಚ್ಚೋಣು’ ಎಂದು ಸೊಸೆ ಕೊಸರಿದಳು. ದೊಡ್ಡವ್ವ ಕೈ ಬಿಡಲಿಲ್ಲ. ಬೇರೆ ದಾರಿಯಿಲ್ಲದೆ ಅವಳು ಸಾಲು ಎತ್ತಿದಳು. ದನಿ ನಡುಗುತ್ತಿತ್ತು, ಶ್ರುತಿ ಎಲ್ಲೋ ಇತ್ತು, ಮಾನ್ವಿಯವನು ಕೇಳಿದ್ದರೆ ಕೂಡಲೇ ಯಂತ್ರ ಹಾಕುತ್ತಿದ್ದ. ಸಾಲು ಮುಗಿಸಿ ಅವಳು ನಿಂತಳು.

ಹಿಂದಿನವರು ತಿರುಗಿ ಹೇಳಿದರು. ದೊಡ್ಡವ್ವ ಅವರ ನಡುವೆ ಸರಿದು ಕುಳಿತಿದ್ದಳು. ಜೀವಮಾನವಿಡೀ ಮುಂದೆ ಹೇಳಿದವಳು ಅಂದು ಮೊದಲ ಸಲ ಹಿಂದಿನವರ ಜೊತೆ ಬಾಯಿ ಆಡಿಸಿದಳು, ಬರೀ ಬಾಯಿ, ಕೊರಳಿನ ಬಿಳಿ ಬಟ್ಟೆ ಸಾಲಿಗೆ ಸರಿಯಾಗಿ ಏರಿಳಿಯುತ್ತಿತ್ತು.